ಅತ್ತೆಯವರ ನರ್ಗಿಸ್, ನನ್ನ ಮೂಗು

ಇವತ್ತು ಬೆಳಿಗ್ಗೆ ನಮ್ಮ ಅಂಗಳದಲ್ಲಿ ದನದ ಕೊಟ್ಟಿಗೆಯ ವಾಸನೆ ಬಂತು.

ನಮ್ಮ ಓಣಿಯಲ್ಲಿ ದನಗಳಿಲ್ಲ. ನಾವು ಧಾರವಾಡದ ಕೆಲಗೇರಿಗೆ ಮನೆ ಕಟ್ಟಿಸಿಕೊಂಡು ಬಂದ ಹೊಸದರಲ್ಲಿ ಕೊನೆಯ ಮನೆಯವರು ಒಂದು ಎಮ್ಮೆ ಕಟ್ಟಿದ್ದರು. ಆ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ. ಹಾಲು ಪಾಕೀಟಿನಲ್ಲಿ ಬರುತ್ತದೆ. ಆದರೂ ಬಂದ ವಾಸನೆ ಮಾತ್ರ ಕೊಟ್ಟಿಗೆಯದೇ: ಹಸಿ ಸಗಣಿ, ನೆನೆದ ಹೊಟ್ಟು, ದನದ ಬೆಚ್ಚಗಿನ ಮೈ. ಗೇಟಿನ ಹೊರಗೆ ಇಣುಕಿದೆ. ಮೆಟ್ಟಿಲ ಕೆಳಗಿನ ಗೊಬ್ಬರದ ಚೀಲ ನೋಡಿದೆ, ಅದರ ಬಾಯಿ ಬಿಗಿಯಾಗಿ ಕಟ್ಟಿಯೇ ಇತ್ತು. ಕೊನೆಗೆ ಎರಡೂ ಚಪ್ಪಲಿ ಎತ್ತಿ ಒಂದೊಂದಾಗಿ ಮೂಗಿಗೆ ಹಿಡಿದು ನೋಡುತ್ತಿದ್ದಾಗ ಹೆಂಡತಿ ಗಿರಿಜಾ ಬಾಗಿಲಿಗೆ ಬಂದಳು.

“ಮುಂಜಾನೆದ್ದು ಚಪ್ಪಲಿ ಯಾಕ ಮೂಸಾಕತ್ತೀರಿ?”

“ಕೊಟ್ಟಿಗಿ ವಾಸನಿ ಬರಾಕತ್ತೈತಲ್ಲ. ನಿನಗ ಬರವಲ್ದೇನು?”

“ಕೊಟ್ಟಿಗಿ ಎಲ್ಲೈತ್ರಿ ಇಲ್ಲಿ? ನನಗ ಹೂವಿನ ವಾಸನಿ ಅಷ್ಟ ಬರಾಕತ್ತೈತಿ,” ಎಂದು ಒಳಗೆ ತಿರುಗಿದವಳು ಅಲ್ಲೇ ನಿಂತಳು. ಕೈಯಲ್ಲಿ ಸೌಟು ಇತ್ತು. “ಏನಂದ್ರಿ? ನಿಮಗ ವಾಸನಿ ಬರಾಕತ್ತೈತಿ?”

ನಾನು ಚಪ್ಪಲಿಯನ್ನು ಕೆಳಗಿಟ್ಟೆ. ಐದು ವರ್ಷಗಳಿಂದ ನನ್ನ ಮೂಗಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಇವತ್ತು ಬಂದದ್ದು ಎಲ್ಲಿಂದ ಎಂದು ಮುಂದಿನ ಎರಡು ನಿಮಿಷದಲ್ಲಿ ಗೊತ್ತಾಯಿತು. ಆದರೆ ಅದನ್ನು ನಿಮಗೆ ಹೇಳಬೇಕಾದರೆ ಗಿರಿಜಾಳ ತಾಯಿಯನ್ನು, ಎಂದರೆ ನನ್ನ ಅತ್ತೆಯವರನ್ನು, ಇಲ್ಲಿಗೆ ಕರೆತರಬೇಕು. ಅವರು ಗಡಿಬಿಡಿಯಲ್ಲಿ ಬರುವವರಲ್ಲ, ಆದ್ದರಿಂದ ನೀವೂ ಸ್ವಲ್ಪ ಆರಾಮಾಗಿ ಕೂತುಕೊಳ್ಳಿ.

ಊರಿಗೆಲ್ಲ ಜ್ವರ ಬಂದ ಆ ವರ್ಷ ನನಗೂ ಬಂತು. ಹದಿನೈದು ದಿನ ಮೂಲೆಯ ಕೋಣೆಯಲ್ಲಿ ಮಲಗಿ ಎದ್ದೆ. ಕೆಮ್ಮು ಹೋಯಿತು, ಸುಸ್ತು ಹೋಯಿತು, ಅವುಗಳ ಹಿಂದೆಯೇ ವಾಸನೆಯೂ ಹೋಯಿತು. ಡಾಕ್ಟರು ಬ್ಯಾಟರಿ ಬಿಟ್ಟು ಮೂಗಿನೊಳಗೆ ನೋಡಿ, “ಬರತೈತ್ರಿ, ಕಾಯ್ರಿ. ದಿನಾ ಲಿಂಬಿ, ಲವಂಗ ಮೂಸ್ರಿ,” ಎಂದರು. ಮೂಸಿದೆ. ಲಿಂಬೆ ತಣ್ಣಗಿತ್ತು, ಲವಂಗ ಚುಚ್ಚಿತು, ಅಷ್ಟೇ. ಕಣ್ಣು ಹೋದರೆ, ಕಿವಿ ಹೋದರೆ ಜನ ಅಯ್ಯೋ ಎನ್ನುತ್ತಾರೆ. ಮೂಗು ಹೋದರೆ ನಗುತ್ತಾರೆ. “ಛಲೋ ಆತು ಬಿಡ್ರಿ, ಗಟಾರದ ಮುಂದ ಆರಾಮ ಅಡ್ಡಾಡ್ರಿ,” ಎಂದು ಒಬ್ಬ ಗೆಳೆಯ ಹೇಳಿದ ಮೇಲೆ ನಾನು ಯಾರಿಗೂ ಹೇಳುವುದನ್ನೇ ಬಿಟ್ಟೆ. ಗಿರಿಜಾಳಿಗೆ ಮಾತ್ರ ಗೊತ್ತಿತ್ತು.

ಗುಟ್ಟು ಕಾಯಲು ಇನ್ನೊಂದು ಕಾರಣವೂ ಇತ್ತು. ನಾನು ಪ್ರೌಢಶಾಲೆಯ ವಿಜ್ಞಾನದ ಮಾಸ್ತರ. ಪ್ರಯೋಗಶಾಲೆಯಲ್ಲಿ ಪ್ರನಾಳ ಹಿಡಿದು, “ಎಂಥಾ ವಾಸನಿ ಬಂತು?” ಎಂದು ಕೇಳುವುದೇ ನನ್ನ ಉದ್ಯೋಗ. ಮಕ್ಕಳು “ಕೊಳತ ತತ್ತಿ, ಸರ್!” ಎಂದು ಕೂಗಿದರೆ ನಾನು ದೊಡ್ಡ ಪಂಡಿತನಂತೆ ತಲೆಯಾಡಿಸುತ್ತಿದ್ದೆ. ಅವರು ಗುಲಾಬಿ ಎಂದಿದ್ದರೂ ತಲೆಯಾಡಿಸುತ್ತಿದ್ದೆನೇನೋ. ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆಗೆ ಬಿದ್ದರೆ ಎಲ್ಲರಂತೆ ನನಗೂ ಕೆಮ್ಮು ಬರುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ವಾಸನೆ ಮಾತ್ರ ಬರುತ್ತಿರಲಿಲ್ಲ. ಪೇಢೆ ಬಾಯಲ್ಲಿ ಸಿಹಿ ಮಣ್ಣಿನಂತಿರುತ್ತಿತ್ತು. ಧಾರವಾಡದಲ್ಲಿ ಹುಟ್ಟಿ ಬೆಳೆದವನಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆ ಬೇಡ. ಮೊದಲ ಮಳೆ ಬಿದ್ದ ದಿನ ಓಣಿಯ ಜನರೆಲ್ಲ ಬಾಗಿಲಿಗೆ ಬಂದು ಉಸಿರೆಳೆದುಕೊಳ್ಳುವಾಗ ನಾನು ಒಳಗೆ ಹೋಗಿ ಕೂತೆ. ಅವತ್ತು ನಿಜವಾಗಿಯೂ ದುಃಖವಾಯಿತು.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮಾಬೂಸಾಬ ಕಾಕಾ ಅವರ ಅತ್ತರಿನ ಅಂಗಡಿಯಿದೆ. ಅಂಗಡಿ ಎಂದರೆ ಒಬ್ಬರು ಕೂತು ಇನ್ನೊಬ್ಬರು ನಿಲ್ಲುವಷ್ಟು ಜಾಗ. ಲಿಂಬೆ ಲವಂಗಗಳಿಂದ ಆಗದ್ದು ಅತ್ತರಿನಿಂದ ಆದೀತೆಂದು ಅಲ್ಲಿಗೆ ಹೋದೆ. ಕಾಕಾ ಹತ್ತಿಯನ್ನು ಕಡ್ಡಿಗೆ ಸುತ್ತಿ ಖಸ್, ಕೇದಿಗೆ, ಗುಲಾಬಿ ಎಂದು ಒಂದೊಂದೇ ಮುಂದೆ ಹಿಡಿದರು. ನಾನು ಪ್ರತಿಯೊಂದಕ್ಕೂ “ಬ್ಯಾರೆ ತೋರಸ್ರಿ” ಎಂದೆ. ಒಂಬತ್ತನೆಯ ಸೀಸೆಗೆ ಅವರಿಗೆ ಸಿಟ್ಟು ಬಂತು. “ಮಾಸ್ತರ, ನಲವತ್ತ ವರ್ಷ ಆತು ನಾ ಇಲ್ಲಿ ಕುಂತು. ಯಾರೂ ನನ್ನ ಗುಲಾಬಿಗೆ ಮಾರಿ ಹಿಂಗ ಮಾಡಿಲ್ಲ.” ಆಗ ನಿಜ ಹೇಳಲೇಬೇಕಾಯಿತು. ಕಾಕಾ ನಗಲಿಲ್ಲ. ವಾಸನೆಯ ಮೇಲೆ ಬದುಕುವ ಮನುಷ್ಯ, ನನ್ನ ಕಷ್ಟ ಅವರಿಗೆ ತಕ್ಷಣ ತಿಳಿಯಿತು. ಎಲ್ಲ ಸೀಸೆಗಳಿಗೂ ಬಿರಡೆ ಹಾಕಿ, ಒಳಗೆ ಬಾಗಿ, ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ಆರು ಸಣ್ಣ ಗಡ್ಡೆ. ಸಾಂಬಾರಿನ ಈರುಳ್ಳಿಗಿಂತ ಸ್ವಲ್ಪ ದೊಡ್ಡವು, ಮೇಲೆ ಕಂದು ಸಿಪ್ಪೆ.

“ನರ್ಗಿಸ್,” ಎಂದರು. “ಥಂಡಿ ದಿನದಾಗ ಶಾಲು ಮಾರಾಕ ಬರ್ತಾರಲ್ರಿ ಕಾಶ್ಮೀರದವರು, ಅವರು ಕೊಟ್ಟಾರ. ಸಣ್ಣ ಬಿಳಿ ಹೂ, ನಡುವ ಹಳದಿ ಬಟ್ಟಲಾ. ನನ್ನ ಅಂಗಡಿ ಹಿಂದ ಬಿಸಲ ಬೀಳೂದಿಲ್ಲ, ನಿಮ್ಮ ಅಂಗಳದಾಗ ಹಚ್ರಿ. ಸೀಸೇದಾಗಿಂದು ಸತ್ತ ಹೂವಿನ ವಾಸನಿ. ಅದು ನಿಮಗ ತಟ್ಟಲಿಲ್ಲ ಅಂದ್ರ ಜೀವಂತ ಹೂ ತಟ್ಟೀತು. ಒಂದ ಮಾತ, ಉಳ್ಳಾಗಡ್ಡಿ ಅಂತ ತಿಳದು ಅಡಗಿಗೆ ಹಾಕಿಬಿಟ್ಟೀರಿ, ವಾಂತಿ ಮಾಡ್ಕೊಂಡು ಸಾಯಬೇಕಾಕ್ಕೈತಿ.”

ಹೂವಿನ ಭಾಗಗಳನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನಿಗೆ ಹೂವಿನ ಗಿಡ ಬೆಳೆಸುವುದು ಬರಬೇಕೆಂದೇನಿಲ್ಲ. ನಾನು ಅಂಗಳದ ಕಪ್ಪು ಎರೆಮಣ್ಣನ್ನೇ ಕುಂಡಕ್ಕೆ ತುಂಬಿ, ಗಡ್ಡೆಗಳನ್ನು ಗೇಣುದ್ದ ಆಳಕ್ಕೆ ಹುಗಿದು, ದಿನಕ್ಕೆರಡು ಸಲ ನೀರು ಹಾಕಿದೆ. ಎಲೆ ಬಂದವು, ಬೆಳ್ಳುಳ್ಳಿಯ ಎಲೆಯಂತೆ ಉದ್ದುದ್ದ. ಹೂ ಬರಲಿಲ್ಲ. ಬೇಸಿಗೆಯಲ್ಲಿ ಎಲೆ ಹಳದಿಯಾದವು. ಪಾಪ, ಬಾಯಾರಿರಬೇಕು ಎಂದು ಮೂರು ಸಲ ನೀರು ಹಾಕತೊಡಗಿದೆ.

ಅತ್ತೆಯವರು ನಮ್ಮ ಮನೆಗೆ ಬಂದದ್ದು ಆಗಲೇ. ಅವರ ಹೆಸರು ನೀಲವ್ವ, ಊರು ಉಪ್ಪಿನಬೆಟಗೇರಿ, ಉಳ್ಳಾಗಡ್ಡಿ ಮತ್ತು ಜೋಳ ಬೆಳೆಯುವ ಮನೆತನ. ಕಣ್ಣಿನ ಪೊರೆ ತೆಗೆಸಿಕೊಂಡು ಒಂದು ತಿಂಗಳಿದ್ದು ಹೋಗುವುದೆಂದು ಬಂದರು. ಅಷ್ಟರಲ್ಲಿ ಅವರ ಮಗ ಊರ ಮನೆಯ ಮಾಡು ಬಿಚ್ಚಿಸಿ ರಿಪೇರಿಗೆ ಕೈಹಾಕಿದ. ಮನೆ ರಿಪೇರಿ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ತಿಂಗಳು ಹೋಗಿ ಒಂದು ವರ್ಷವಾಯಿತು.

ಆ ಊರ ಮನೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಕಡೆಯ ಹಳೆಯ ಮನೆಗಳಂತೆ ಅದರಲ್ಲೂ ದೊಡ್ಡ ಬಾಗಿಲು ದಾಟಿದ ಕೂಡಲೇ ಸಿಗುವುದು ದನ ಕಟ್ಟುವ ಕೊಟ್ಟಿಗೆ. ಎತ್ತು ಎಮ್ಮೆಗಳನ್ನು ದಾಟಿ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಆಮೇಲೆ ಅಡಿಗೆಮನೆ, ದೇವರ ಮನೆ, ಕಟ್ಟಕಡೆಗೆ ಹಿತ್ತಲು. ಹಿತ್ತಲಿನಲ್ಲಿ ಅತ್ತೆಯವರ ಮಲ್ಲಿಗೆ. ಕನ್ಯೆ ನೋಡಲು ಮೊದಲ ಸಲ ಹೋದಾಗ ನಾನು, ಪೇಟೆಯ ಹುಡುಗ, ಇಸ್ತ್ರಿ ಮಾಡಿದ ಅಂಗಿ, ಕೊಟ್ಟಿಗೆಯಲ್ಲಿ ಕಾಲಿಟ್ಟವನೇ ಜೇಬಿನಿಂದ ಕರ್ಚೀಪು ತೆಗೆದು ಮೂಗಿಗೆ ಹಿಡಿದೆ. ಯಾರೂ ನೋಡಲಿಲ್ಲ ಎಂದು ಮೂವತ್ತು ವರ್ಷ ನಂಬಿದ್ದೆ.

ಅಷ್ಟೂ ವರ್ಷ ನಾನು ಮತ್ತು ಅತ್ತೆಯವರು ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಜಗಳವೇನಲ್ಲ, ಮರ್ಯಾದೆ. ಅಳಿಯನ ಎದುರು ಅವರು ಕೂರುವುದಿಲ್ಲ, ತಲೆಯ ಮೇಲಿನ ಸೆರಗು ಜಾರುವುದಿಲ್ಲ. ನನಗೆ ಏನಾದರೂ ಹೇಳುವುದಿದ್ದರೆ ಗಿರಿಜಾಳಿಗೆ ಹೇಳುತ್ತಾರೆ. ಗಿರಿಜಾ ಇಲ್ಲದಿದ್ದರೆ ಬಾಗಿಲಿಗೆ ಹೇಳುತ್ತಾರೆ. “ಚಾ ಆರಾಕತ್ತೈತಿ” ಎಂದು ಬಾಗಿಲಿಗೆ ಹೇಳಿ ಅವರು ಒಳಗೆ ಹೋದ ಮೇಲೆ ನಾನು ಬಾಗಿಲ ಪರವಾಗಿ ಚಹಾ ಕುಡಿಯುತ್ತಿದ್ದೆ. ನನ್ನ ಮೂಗಿನ ವಿಷಯ ಅವರಿಗೆ ತಿಳಿಯಕೂಡದೆಂದು ಗಿರಿಜಾಳಿಂದ ಮಾತು ತೆಗೆದುಕೊಂಡಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಅತ್ತೆಯ ಕಣ್ಣಲ್ಲಿ ಅಳಿಯ ಊನವಿಲ್ಲದವನಾಗಿರಬೇಕು, ನೋಡಿ. ಅವರು ಶೇಂಗಾ ಹೋಳಿಗೆ ಮಾಡಿದ ದಿನ, “ನಿಮ್ಮವ್ವಗ ಹೇಳು, ಏಲಕ್ಕಿ ವಾಸನಿ ಘಮ್ ಅಂತ ಬಂತು,” ಎಂದು ಗಿರಿಜಾಳ ಮೂಲಕ ಹೊಗಳಿಕೆ ಕಳಿಸಿದ್ದೆ. ಒಳಗಿಂದ ಉತ್ತರ ಬರಲಿಲ್ಲ. ನಾಚಿಕೊಂಡಿರಬೇಕು ಎಂದುಕೊಂಡೆ.

ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಅಂಗಳಕ್ಕೆ ಬಂದ ಮೊದಲ ದಿನವೇ ಅವರ ದೃಷ್ಟಿ ನನ್ನ ಕುಂಡದ ಮೇಲೆ ಬಿತ್ತು. “ಗಿರಿಜಾ, ನಿನ್ನ ಗಂಡಗ ಕೇಳು. ಕೀಳೂ ಹೊತ್ತಿನ್ಯಾಗ ಉಳ್ಳಾಗಡ್ಡಿಗೆ ಯಾರರ ನೀರ ಬಿಡ್ತಾರೇನು?”

“ನಿಮ್ಮವ್ವಗ ಹೇಳು, ಅದು ಉಳ್ಳಾಗಡ್ಡಿ ಅಲ್ಲ, ನರ್ಗಿಸ್,” ಎಂದೆ.

ನಾವಿಬ್ಬರೂ ಮೂರು ಮಾರು ಅಂತರದಲ್ಲಿ ನಿಂತಿದ್ದೆವು. ಗಿರಿಜಾ ನಡುವೆ ಕೂತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಯಾವ ಗಡ್ಡಿ ಆದ್ರೇನು? ಎಲಿ ಹಳದಿ ಆದ್ವು ಅಂದ್ರ ಅದಕ ನಿದ್ದಿ ಬಂದೈತಿ ಅಂದಂಗ. ನಿದ್ದಿ ಹತ್ತಿದವರ ಮಾರಿಗೆ ನೀರ ಹೊಡದ್ರ ಹೆಂಗ?”

ಮರುದಿನ ಅವರೇ ಕುಂಡ ಬೋರಲು ಹಾಕಿದರು. ಆರು ಗಡ್ಡೆಯಲ್ಲಿ ನಾಲ್ಕು ಕೊಳೆತು ಲೋಳೆಯಾಗಿದ್ದವು. ಉಳಿದ ಎರಡನ್ನು ಕೈಯಲ್ಲೇ ಒರೆಸಿ, ತಮ್ಮ ಹಳೆಯ ಇಳಕಲ್ ಸೀರೆಯ ಕೆಂಪು ಚೂರಿನಲ್ಲಿ ಸಡಿಲಾಗಿ ಕಟ್ಟಿ, ಅಡಿಗೆಗೆ ಹೋಗದಂತೆ ಉಳ್ಳಾಗಡ್ಡಿ ಬುಟ್ಟಿಯಿಂದ ದೂರ, ಪಡಸಾಲೆಯ ಗೂಟಕ್ಕೆ ತೂಗಹಾಕಿದರು. ಮಳೆಗಾಲವೆಲ್ಲ ಅವು ಅಲ್ಲೇ ತೂಗಿದವು. ಅವು ಸತ್ತವೆಂದೇ ನಾನು ಬಗೆದಿದ್ದೆ. ಶೀಗೆ ಹುಣ್ಣಿಮೆ ಮುಗಿದ ಮೇಲೆ ಅತ್ತೆಯವರು ಕೆಂಪು ಮಸಾರಿ ಮಣ್ಣು, ಉಸುಕು, ಹಳೇ ಗೊಬ್ಬರ ಕಲೆಸಿ ಗಡ್ಡೆಗಳನ್ನು ಕುತ್ತಿಗೆ ಹೊರಗೆ ಕಾಣುವಂತೆ ಊರಿದರು. ನೀರು ಮೂರು ದಿನಕ್ಕೊಮ್ಮೆ, ಅದೂ ಬೆರಳು ಮಣ್ಣಿಗೆ ಚುಚ್ಚಿ ನೋಡಿದ ಮೇಲೆ. ನನ್ನ ಕೈಗೆ ತಂಬಿಗೆ ಸಿಗದಂತೆ ನೋಡಿಕೊಂಡರು.

ಇನ್ನು ಅವರ ಪೂಜೆಯ ಸಂಗತಿ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟು ಪೂಜಿಸುತ್ತಿದ್ದರು. ಹೂವು ಅವರೇ ಕೊಯ್ಯಬೇಕು. ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲ ಎಂಬುದು ನಿಮ್ಮ ಮನೆಯಲ್ಲೂ ಹಿರಿಯರು ಹೇಳಿದ್ದೇ ಇರುತ್ತದೆ. ಆದರೆ ಅತ್ತೆಯವರಷ್ಟು ಕಟ್ಟುನಿಟ್ಟಾಗಿ ಅದನ್ನು ಪಾಲಿಸಿದವರನ್ನು ನಾನು ಕಂಡಿಲ್ಲ. ನಮ್ಮ ಅಂಗಳದ ಮಲ್ಲಿಗೆ ಬಳ್ಳಿಯ ಹತ್ತಿರ ಹೋಗುವಾಗ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ, ಕೈ ಮಾತ್ರ ಮುಂದೆ ಚಾಚಿ ಕೊಯ್ಯುತ್ತಿದ್ದರು. ನನ್ನೊಳಗಿನ ಮಾಸ್ತರ ಸುಮ್ಮನಿರಲಿಲ್ಲ. “ನಿಮ್ಮವ್ವಗ ಹೇಳು, ವಾಸನಿ ಗಾಳ್ಯಾಗ ತಾನ ಹರಡತೈತಿ, ಸೆರಗ ಹಿಡದ್ರೂ ಮೂಗಿನಾಗ ಹೊಕ್ಕ ಹೊಗತೈತಿ,” ಎಂದೆ ಒಂದು ದಿನ. ಅವರು ಮಲ್ಲಿಗೆ ಬಳ್ಳಿಗೆ ಉತ್ತರ ಕೊಟ್ಟರು. “ಬರೂದು ಬ್ಯಾರೆ, ಮೂಸೂದು ಬ್ಯಾರೆ. ತಾನ ಬಂದದ್ದು ದೇವರು ಕೊಟ್ಟದ್ದು. ನಾವ ಹೋಗಿ ಮೂಗ ಹಚ್ಚಿದ್ರ ಅದು ಎಂಜಲಾ.”

ಎಳ್ಳಮಾವಾಸ್ಯೆಗೆ ಇನ್ನೂ ಎಂಟು ದಿನವಿದ್ದಾಗ ಎರಡು ಗಡ್ಡೆಗಳಲ್ಲಿ ಒಂದು ದಂಟು ಬಿಟ್ಟಿತು. ತುದಿಯಲ್ಲಿ ಕಾಗದದಂಥ ಒಂದು ಪೊರೆ, ಅದರೊಳಗೆ ಐದು ಮೊಗ್ಗು. ನಾನು ಶಾಲೆಯಿಂದ ಬಂದವನೇ ಚೀಲ ಇಳಿಸದೆ ಕುಂಡದ ಮುಂದೆ ಕೂರತೊಡಗಿದೆ. ಎರಡು ವರ್ಷ ನಾನು ಕಾದದ್ದು ಇದಕ್ಕೇ. ಆ ದಿನಗಳಲ್ಲೇ ಅಡಿಗೆಮನೆಯಿಂದ ಅತ್ತೆಯವರ ಮಾತು ಕೇಳಿಸಿತು. “ಗಿರಿಜಾ, ಸೋಮಾರ ಅರಳ್ತಾವು ನೋಡು. ದಿನಕ್ಕೊಂದು ಲಿಂಗಕ್ಕ ಏರಸ್ತೇನಿ. ಮೊದಲನೇ ಹೂ, ಯಾರೂ ಹತ್ತರ ಹೋಗಬ್ಯಾಡ್ರಿ ಅಂತ ಹೇಳು.”

ಯಾರೂ ಎಂದರೆ ನಾನೇ. ಮನೆಯಲ್ಲಿದ್ದದ್ದು ಮೂವರು.

ಐದರಲ್ಲಿ ಒಂದನ್ನು ಕೇಳಿದರಾಗಿತ್ತಲ್ಲ ಎನ್ನುತ್ತೀರಿ. ಅವು ಒಂದೇ ದಂಟಿನ ಮೇಲೆ ತಲೆಗೆ ತಲೆ ತಾಗಿಸಿಕೊಂಡು ನಿಂತಿದ್ದವು. ಒಂದಕ್ಕೆ ಮೂಗು ಹಚ್ಚಿದರೆ ಐದಕ್ಕೂ ಹಚ್ಚಿದಂತೆ. ಅತ್ತೆಯವರ ಶಾಸ್ತ್ರದಲ್ಲಿ ಗೊಂಚಲು ಇಡೀ ಎಂಜಲು. “ಅವ್ವಗ ನಾ ಹೇಳ್ಲೇನ್ರಿ?” ಎಂದು ಗಿರಿಜಾ ಕೇಳಿದಳು. ಬೇಡ ಎಂದೆ. ದೇವರ ಹೂವನ್ನು ಮೂಗಿಗೆ ಕೊಡಿ ಎಂದು ಕೇಳುವುದು ಹೇಗೆ, ಮುಚ್ಚಿಟ್ಟ ಗುಟ್ಟು ಬಿಚ್ಚುವುದು ಹೇಗೆ ಎಂದು ಅವಳಿಗೆ ಕಾರಣ ಕೊಟ್ಟೆ. ನಿಮಗೆ ಮಾತ್ರ ಖರೇ ಹೇಳುತ್ತೇನೆ: ನನಗೆ ಹೆದರಿಕೆಯಿತ್ತು. ಲಿಂಬೆ, ಲವಂಗ, ಅತ್ತರು ಎಲ್ಲ ಮುಗಿದು ಉಳಿದದ್ದು ಈ ಹೂವೊಂದೇ. ಇದೂ ಬರಲಿಲ್ಲವೆಂದರೆ ಆಮೇಲೆ ಕಾಯುವುದಕ್ಕೆ ಏನೂ ಇರಲಿಲ್ಲ. ಹೂ ದೇವರಿಗೆ ಹೋದರೆ ಆಸೆಯಾದರೂ ಉಳಿಯುತ್ತಿತ್ತು.

ಭಾನುವಾರ ಗಿರಿಜಾ ಗೆಳತಿಯ ಬಸುರಿ ಮಗಳ ಕುಬಸಕ್ಕೆಂದು ಹುಬ್ಬಳ್ಳಿಗೆ ಹೋದಳು. ಹೋಗುವಾಗ ಗ್ಯಾಸಿನ ಮೇಲೆ ಹಾಲಿಟ್ಟು, ಉಕ್ಕಿದರೆ ಆರಿಸಿ ಎಂದು ಹೇಳಿದಳು. ನಾನು ಹೂಂ ಎಂದು ಪಡಸಾಲೆಯಲ್ಲಿ ಅಡಿಗೆಮನೆಗೆ ಬೆನ್ನು ಮಾಡಿ ಉತ್ತರ ಪತ್ರಿಕೆ ತಿದ್ದುತ್ತ ಕೂತೆ. ಅತ್ತೆಯವರು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದರು. ಎಷ್ಟು ಹೊತ್ತಾಯಿತೋ, ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು.

“ಅಳಿಯಂದ್ರ! ಓಣಿತುಂಬ ವಾಸನಿ ಎದ್ದೈತಿ, ಇಲ್ಲೇ ಕುಂತೀರಲ್ರಿ!”

ಮೂವತ್ತು ವರ್ಷಗಳಲ್ಲಿ ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು. ನಾನು ತಿರುಗುವಷ್ಟರಲ್ಲಿ ಅವರು ಒಳಗೆ ಹೋಗಿ ಗ್ಯಾಸು ಆರಿಸಿದ್ದರು. ಹಾಲಿನ ಪಾತೆಲಿಯ ತಳ ಕಪ್ಪಾಗಿ ಹೊತ್ತಿತ್ತು, ಹೊಗೆ ಕಿಟಕಿಯವರೆಗೆ ಬಂದಿತ್ತು. ಅತ್ತೆಯವರು ಇಕ್ಕಳದಿಂದ ಪಾತೆಲಿ ಹಿಡಿದುಕೊಂಡು ನನ್ನನ್ನೇ ನೋಡಿದರು. ಪೊರೆ ತೆಗೆಸಿದ ಹೊಸ ಕಣ್ಣು, ಎಲ್ಲವೂ ಕಾಣುತ್ತಿತ್ತು.

“ಮೂಗಿಗೆ ಏನೂ ಬರೂದಿಲ್ಲೇನ್ರಿ ನಿಮಗ?”

ಬಾಗಿಲಿನತ್ತ ನೋಡಿ ಹೇಳೋಣವೆಂದುಕೊಂಡೆ. ಆಗಲಿಲ್ಲ. “ಇಲ್ರಿ,” ಎಂದೆ.

“ಎಷ್ಟ ದಿನಾ ಆತು?”

“ಎರಡ ವರ್ಷ ಆತ್ರಿ. ಆ ಜ್ವರ ಬಂದಾಗಿಂದ.”

ಪಾತೆಲಿ ಕೆಳಗಿಟ್ಟರು. “ಅವತ್ತ ಹೋಳಿಗ್ಯಾಗ ಏಲಕ್ಕಿ ಹಾಕೂದು ಮರತಿದ್ದೆ ನಾ. ನೀವು ಘಮ್ ಅಂತ ಬಂತು ಅಂದ್ರಿ. ಅಳಿಯ ನನ್ನ ಕುಚೇಷ್ಟಿ ಮಾಡ್ತಾನ ಅಂತ ರಾತ್ರಿ ಊಟಾ ಬಿಟ್ಟಿದ್ದೆ.” ನಾನು ತಲೆ ತಗ್ಗಿಸಿದೆ. ಅವರು ಅಂಗಳದ ಕುಂಡದತ್ತ ನೋಡಿ ಕೇಳಿದರು. “ಈ ಗಡ್ಡಿ ಹಚ್ಚಿದ್ದು ಅದಕ್ಕೇನ್ರಿ?”

“ಹೂನ್ರಿ.”

ಅವರು ಬೂದಿ ತೆಗೆದುಕೊಂಡು ಪಾತೆಲಿ ತಿಕ್ಕತೊಡಗಿದರು, ಸಂಜೆಯವರೆಗೆ ತಿಕ್ಕಿದರು.

ಸೋಮವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಅಂಗಳದಿಂದ ಕರೆ ಬಂತು. ಹೋದೆ. ಗಿರಿಜಾ ಆಗಲೇ ಅಲ್ಲಿದ್ದಳು. ಐದರಲ್ಲಿ ಮೂರು ಹೂ ಅರಳಿದ್ದವು, ಹಾಲಿನ ಕೆನೆಯಷ್ಟು ಬಿಳಿ, ನಡುವೆ ಬೆರಳ ತುದಿಯಷ್ಟು ಹಳದಿ ಬಟ್ಟಲು. ಅತ್ತೆಯವರು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕುಂಡದ ಪಕ್ಕದಲ್ಲಿ ನಿಂತಿದ್ದರು.

“ಮೂಸ್ರಿ,” ಎಂದರು.

“ಪೂಜಿ ಆಗಿಲ್ಲಲ್ರಿ ಇನ್ನೂ?”

“ಇವತ್ತ ಪತ್ರಿ ಏರಸ್ತೇನಿ. ದೇವರ ಮೂಗ ಎಲ್ಲೂ ಹೋಗಿಲ್ಲ, ನಾಳೆ ಕೊಟ್ರೂ ಬರತೈತಿ ಅವಗ. ನೀವ್ ಮೂಸ್ರಿ.”

ಮೊಣಕಾಲೂರಿ ಕೂತೆ. ಹೂವಿನ ದಳ ಮೂಗಿನ ತುದಿಗೆ ತಾಗಿತು, ತಣ್ಣಗಿತ್ತು. ಉಸಿರೆಳೆದೆ. ಏನೂ ಇಲ್ಲ. ಒಮ್ಮೆ ಬಾಯಿ ಮುಚ್ಚಿ, ಒಮ್ಮೆ ಕಣ್ಣು ಮುಚ್ಚಿ, ಒಮ್ಮೆ ಒಂದೇ ಹೊಳ್ಳೆಯಿಂದ ಎಳೆದೆ. ಏನೂ ಇಲ್ಲ. ಬಂತು ಎಂದು ಸುಳ್ಳು ಹೇಳಲು ಮನಸ್ಸಾಯಿತು, ಆದರೆ ಏಲಕ್ಕಿ ನೆನಪಾಯಿತು. ಎದ್ದು ನಿಂತು ತಲೆಯಲ್ಲಾಡಿಸಿದೆ. ಅಂಗಳದ ನಡುವೆ, ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡು, ಐವತ್ತೇಳು ವರ್ಷದ ಮನುಷ್ಯನಿಗೆ ಅಳು ಬಂತು. ಗಿರಿಜಾ ನನ್ನ ತೋಳು ಹಿಡಿದಳು.

ಅತ್ತೆಯವರು ಆಗ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಮೂಗಿನ ಮೇಲಿದ್ದ ಸೆರಗನ್ನು ಕೆಳಗೆ ಜಗ್ಗಿದರು. ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಬಗ್ಗಿ, ಹೂವಿನ ಗೊಂಚಲಿಗೆ ಮುಖವಿಟ್ಟರು. ಎಪ್ಪತ್ತು ದಾಟಿದ ಹೆಣ್ಣುಮಗಳು, ಆವರೆಗೆ ಒಂದು ಹೂವಿಗೂ ಮೂಗು ಹಚ್ಚಿದವರಲ್ಲ. ದೀರ್ಘವಾಗಿ ಉಸಿರೆಳೆದು, ಕಣ್ಣು ಮುಚ್ಚಿದರು.

“ಮಲ್ಲಿಗಿ ಐತ್ರಿ,” ಎಂದರು. “ಅರ್ಧ ಬಿರದ ಮಲ್ಲಿಗಿ, ಸಂಜಿ ಹೊತ್ತಿಂದು. ಅದರ ಹಿಂದ ಬೆಣ್ಣಿ ಕಾಸಿದಂಗ ಏನೋ ಬರತೈತಿ. ಅದರ ಹಿಂದ...” ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಮೂಸಿದರು. “ಅಯ್ಯ ಶಿವನ! ದನದ ಕೊಟ್ಟಿಗಿ ಬರತೈತಲ್ರಿ!”

ಗೋಡೆ ಹಿಡಿದುಕೊಂಡು ನಕ್ಕರು. ಸೆರಗು ತಲೆಯಿಂದ ಜಾರಿತು, ಸರಿಮಾಡಿಕೊಳ್ಳಲಿಲ್ಲ. “ಇಂಥಾದ್ದನ್ನ ಲಿಂಗಕ್ಕ ಏರಸಾಕ ಹೊಂಟಿದ್ನಲ್ಲ!” ಎಂದು ಮತ್ತೆ ನಕ್ಕು, ತಾವೇ ಸಮಾಧಾನವನ್ನೂ ಹೇಳಿಕೊಂಡರು. “ಇರಲಿ, ಎತ್ತಿನ ಮ್ಯಾಲ ಕುಂದ್ರಾಂವಗ ಅದೇನ ಹೊಸಾ ವಾಸನಿ ಅಲ್ಲ.”

ಅವತ್ತಿನಿಂದ ಬಾಗಿಲಿಗೆ ಮಾತಾಡುವುದು ನಿಂತಿತು. ನಮ್ಮ ಮನೆಯ ವಾಸನೆಗಳನ್ನೆಲ್ಲ ಅವರು ನನಗೆ ವರದಿ ಮಾಡತೊಡಗಿದರು. “ಅಳಿಯಂದ್ರ, ಬದನಿಕಾಯಿ ಸುಡಾಕತ್ತೇನಿ, ಸಿಪ್ಪಿ ಈಗ ಹೊತ್ತೈತಿ.” “ಕೆರಿ ಕಡಿಂದ ಗಾಳಿ ಬಂತು, ಪಾಚಿ ವಾಸನಿ, ನಾಳೆ ಮಳಿ ಐತಿ.” “ನಿಮ್ಮ ಅಂಗಿ ಒಗ್ಯಾಕ ಹಾಕ್ರಿ, ನಾ ಹೆಚ್ಚಿಗಿ ಹೇಳೂದಿಲ್ಲ.” ನಾನು ಹೂಂ ಎಂದು ಕೇಳಿಸಿಕೊಳ್ಳುತ್ತಿದ್ದೆ. ವಾಸನೆಯನ್ನು ಕಿವಿಯಿಂದ ತೆಗೆದುಕೊಳ್ಳುವ ವಿದ್ಯೆ ಯಾವ ಪಠ್ಯದಲ್ಲೂ ಇಲ್ಲ, ಆದರೆ ಅವರು ಹೇಳಿದ ಮೇಲೆ ಬದನೆಕಾಯಿ ಸ್ವಲ್ಪ ರುಚಿಯಾಗಿದ್ದದ್ದು ನಿಜ. ಊರ ಮನೆಗೆ ಹೊಸ ಮಾಡು ಬಂದ ಮೇಲೆ ಮಗ ಬಂದು ಅವರನ್ನು ಕರೆದುಕೊಂಡು ಹೋದ. ಹೋಗುವಾಗ ಗಡ್ಡೆಗಳ ಪಾಠ ಮತ್ತೊಮ್ಮೆ ಒಪ್ಪಿಸಿದರು: ಎಲೆ ಹಳದಿಯಾದರೆ ನೀರು ಬಂದ್, ಮಳೆಗಾಲಕ್ಕೆ ಗೂಟಕ್ಕೆ, ಶೀಗೆ ಹುಣ್ಣಿಮೆಯಾದ ಮೇಲೆ ಮಣ್ಣಿಗೆ, ಕುತ್ತಿಗೆ ಹೊರಗೆ.

ಹಾಗೆಯೇ ಮಾಡಿಕೊಂಡು ಬಂದಿದ್ದೇನೆ. ಎರಡು ಗಡ್ಡೆ ಮರಿ ಹಾಕಿ ಈಗ ಒಂಬತ್ತಾಗಿವೆ. ಕೆಂಪು ಇಳಕಲ್ ಚೂರು ಈಗಲೂ ಅದೇ. ಪ್ರತಿ ಚಳಿಗಾಲ ಹೂ ಬಿಟ್ಟಾಗ ಉಪ್ಪಿನಬೆಟಗೇರಿಯಿಂದ ಫೋನು ಬರುತ್ತದೆ. “ಬಂತೇನ್ರಿ?” “ಇಲ್ರಿ ಅತ್ತೀ.” “ಇರಲಿ. ಉಳದ ಗೊಂಚಲ ದೇವರಿಗೆ ಏರಸ್ರಿ, ಮುಂದಿನ ವರ್ಷ ನೋಡೂಣು.” ಎರಡು ಚಳಿಗಾಲ ಇಷ್ಟೇ ಮಾತು. ಈ ವರ್ಷ ನಾನು ನಿವೃತ್ತನಾದೆ. ಇನ್ನು ಯಾವ ಪ್ರನಾಳಕ್ಕೂ ತಲೆಯಾಡಿಸುವ ಹಂಗಿಲ್ಲ, ಮೂಗಿನ ಆಸೆಯನ್ನೂ ಹೆಚ್ಚುಕಡಿಮೆ ಬಿಟ್ಟಿದ್ದೆ. ಮೂರು ದಿನದ ಹಿಂದೆ ಮೊದಲ ದಂಟು ಅರಳಿದಾಗ ಬಗ್ಗಿ ನೋಡಲೂ ಇಲ್ಲ.

ಈಗ ಇವತ್ತಿನ ಬೆಳಿಗ್ಗೆಗೆ ಬರೋಣ. ಚಪ್ಪಲಿ ಕೆಳಗಿಟ್ಟು ಸುತ್ತ ನೋಡಿದೆ. ನಾನು ನಿಂತದ್ದು ಕುಂಡದ ಪಕ್ಕದಲ್ಲೇ. ನರ್ಗಿಸಿನ ನಾಲ್ಕು ಗೊಂಚಲು ನನ್ನ ಮೊಣಕಾಲಿನ ಎತ್ತರಕ್ಕೆ ಅರಳಿದ್ದವು. ಬಗ್ಗಿದೆ. ಕೊಟ್ಟಿಗೆಯ ವಾಸನೆ ದಟ್ಟವಾಯಿತು. ಹಿಂದೆ ಸರಿದೆ, ತೆಳುವಾಯಿತು. ಮತ್ತೆ ಬಗ್ಗಿದೆ. ಮಲ್ಲಿಗೆ ಇರಲಿಲ್ಲ, ಬೆಣ್ಣೆ ಇರಲಿಲ್ಲ, ಸಗಣಿ ಮಾತ್ರ ಇತ್ತು. ಜಗತ್ತಿನ ಜನ ಮೂಗು ಮುಚ್ಚಿಕೊಳ್ಳುವ ಆ ವಾಸನೆಯನ್ನು ನಾನು ಮಂಡಿಯೂರಿ ಕೂತು ಹೊಟ್ಟೆತುಂಬ ಎಳೆದುಕೊಂಡೆ. ಗಿರಿಜಾ ಸೌಟು ಹಿಡಿದುಕೊಂಡೇ ಕಣ್ಣು ಒರೆಸಿಕೊಂಡು, ಒಳಗಿಂದ ಫೋನು ತಂದಳು.

“ಅತ್ತೀ, ಬಂತ್ರಿ,” ಎಂದೆ.

ಆ ಕಡೆ ಎಲ್ಲೋ ಎಮ್ಮೆ ಒದರಿದ್ದು ಕೇಳಿಸಿತು.

“ಏನ ಬಂತು?”

“ಕೊಟ್ಟಿಗಿ ಬಂತ್ರಿ. ಬರೇ ಕೊಟ್ಟಿಗಿ. ಮಲ್ಲಿಗಿ ಇನ್ನೂ ಬರವಲ್ದು.”

ಅವರು ನಕ್ಕರು, ಅವತ್ತು ಗೋಡೆ ಹಿಡಿದುಕೊಂಡು ನಕ್ಕಂತೆಯೇ. ಆಮೇಲೆ ಸ್ವರ ಮೆತ್ತಗಾಯಿತು.

“ಹಂಗ ಬರಬೇಕ್ರಿ ಅದು. ನಮ್ಮ ಮನಿ ಮರತ್ರೇನು? ಮೊದಲ ದನಾ, ಆಮ್ಯಾಲ ಪಡಸಾಲಿ, ಮಲ್ಲಿಗಿ ಕಡೀಕ, ಹಿತ್ತಲದಾಗ. ದೊಡ್ಡ ಬಾಗಲಾ ದಾಟೀರಿ ನೀವು. ಕನ್ಯಾ ನೋಡಾಕ ಬಂದಾಗ ಮಾಡಿದಂಗ ಈ ಸಲ ಕರ್ಚೀಪ ಹಿಡೀಬ್ಯಾಡ್ರಿ, ಅಳಿಯಂದ್ರ. ಸಾವಕಾಶ ಒಳಗ ಬರ್ರಿ.”